ಗುರುತು ಹಿಡಿಯದ ಎದುರು ಮನೆಯಾಕೆ

ಎದುರು ಮನೆಗೆ ಬೀಗ ಬಿದ್ದು ಇವತ್ತಿಗೆ ಎಂಟು ದಿನ. ಹಳದಿ ಬಣ್ಣದ ಬಾಗಿಲು ಹಾಗೇ ಇದೆ, ಅದರ ಹಿಂದಿದ್ದ ಎರಡು ಕುರ್ಚಿ ಮಾತ್ರ ಟೆಂಪೋ ಹತ್ತಿ ಊರಿನ ಆ ತುದಿಯ ಖರಾಡಿಗೆ ಹೋದವು. ಅಲ್ಲಿ ಆಕೆ ಮೂರು ಕೋಣೆಯ ಜಾಗ ಹಿಡಿದಿದ್ದಾಳೆ. ಇನ್ನಿಬ್ಬರು ಕೌನ್ಸೆಲರ್‌ಗಳು ಜೊತೆ ಸೇರಿದ್ದಾರೆ. ಸಂತೋಷದ ಸುದ್ದಿಯೇ. ಆದರೂ ಬೆಳಗಿನಿಂದ ಮೂರು ಸಲ ಆ ಬೀಗವನ್ನು ನೋಡಿ ಬಂದೆ. ಸೊಸೆ ನನ್ನ ಓಡಾಟ ನೋಡಿ, "ಅತ್ತಿ, ಒಂದ ಕಡೆ ಕೂತು ಫೋನಿನ್ಯಾಗ ಏನಾರ ಬರೀರಿ, ಕಾಲಿಗಿ ಆರಾಮ ಸಿಗ್ತದ" ಅಂದಳು. ಕನ್ನಡ ಟೈಪು ಮಾಡುವುದನ್ನು ಹೋದ ತಿಂಗಳಷ್ಟೇ ಅವಳೇ ಕಲಿಸಿದ್ದು. ಹೆಬ್ಬೆರಳಿಗೆ ಕಷ್ಟ, ನಾಲಿಗೆಗೆ ರಜೆ.

ಆಕೆಯ ಹೆಸರು ಬರೆಯುವುದಿಲ್ಲ. ಯಾಕೆ ಎಂದು ಓದುತ್ತಾ ಹೋದರೆ ತಿಳಿಯುತ್ತದೆ.

ನಾವಿರುವುದು ಮಹಾರಾಷ್ಟ್ರದ ಧನಕವಡಿಯಲ್ಲಿ, ಮೂರು ಮಹಡಿಯ ಹಳೆಯ ಸೊಸೈಟಿಯಲ್ಲಿ, ಅಂದರೆ ಅಪಾರ್ಟ್‌ಮೆಂಟಿನಲ್ಲಿ. ನೆಲಮಹಡಿಯಲ್ಲಿ ಎರಡೇ ಮನೆ, ಬಾಗಿಲಿಗೆ ಎದುರು ಬಾಗಿಲು, ನಡುವೆ ಆರು ಹೆಜ್ಜೆಯ ಓಣಿ. ನಮ್ಮ ಮನೆಯ ಮರದ ಬಾಗಿಲು ಹಾಲಿನವನು ಬಂದಾಗ ತೆರೆದರೆ ದೀಪ ಹಚ್ಚುವ ತನಕ ಮುಚ್ಚುತ್ತಿರಲಿಲ್ಲ. ಹೊರಗಿನ ಕಬ್ಬಿಣದ ಜಾಳಿಗೆ ಬಾಗಿಲಿಗೆ ಮಾತ್ರ ಚಿಲಕ. ಜಾಳಿಗೆಯ ಹಿಂದೆ ಒಂದು ಮಣೆ, ಮಣೆಯ ಮೇಲೆ ನಾನು, ನನ್ನ ಮುಂದೆ ಸೋಸಲು ಮೆಂತ್ಯದ ಸೊಪ್ಪು. ಅಲ್ಲಿಂದ ಗೇಟು ಕಾಣುತ್ತದೆ, ಮೆಟ್ಟಿಲು ಕಾಣುತ್ತದೆ, ಎದುರು ಬಾಗಿಲಂತೂ ಕೈಗೆ ಸಿಗುವ ಹಾಗೆ ಕಾಣುತ್ತದೆ. ಮೂವತ್ತು ವರ್ಷದಿಂದ ಈ ಸೊಸೈಟಿಯಲ್ಲಿ ಯಾರು ಬಂದರು, ಯಾರು ಹೋದರು, ಯಾರ ಮಗಳನ್ನು ನೋಡಲು ಜನ ಬಂದಿದ್ದರು ಎಂಬುದನ್ನೆಲ್ಲ ಕೇಳಬೇಕಾದರೆ ಜನ ವಾಚ್‌ಮನ್‌ನನ್ನು ಬಿಟ್ಟು ನನ್ನ ಹತ್ತಿರ ಬರುತ್ತಾರೆ. ಮರಾಠಿಯವರಿಗೆಲ್ಲ ನಾನು ಕಾಕು, ಅಂದರೆ ಚಿಕ್ಕಮ್ಮ. 'ಕಾಕುಲಾ ವಿಚಾರಾ' ಅಂದರೆ ಮುಗಿಯಿತು, ಕಾಕುವನ್ನು ಕೇಳಿ ಎಂದು.

ಇಂಥ ಬಾಗಿಲಿನ ಎದುರು, ಜನರ ಮನಸ್ಸಿನ ನೋವು ಕೇಳಿ ಗುಟ್ಟು ಕಾಯುವುದೇ ಕಸುಬಾದ ಹೆಂಗಸು ಬಾಡಿಗೆಗೆ ಬಂದಳು.

ದಸರಾ ಮುಗಿದ ಮರುವಾರ. ನಲವತ್ತರ ಆಸುಪಾಸಿನ ತೆಳ್ಳನೆಯ ಹೆಂಗಸು, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ, ಬಾಯಲ್ಲಿ ತುಮಕೂರು ಕಡೆಯ ಕನ್ನಡ. ಕನ್ನಡ ಕೇಳಿದ ಕೂಡಲೇ ನಾನು ಮೆಂತ್ಯ ಬಿಟ್ಟು ಎದ್ದೆ. ಒಳಗೆ ಹೋಗಿ ನೋಡಿದರೆ ಎರಡು ಕುರ್ಚಿ, ಒಂದು ಸ್ಟೂಲು, ಒಂದು ಗಡಿಯಾರ, ಒಂದು ಡಬ್ಬಿ ಕಾಗದದ ಕರವಸ್ತ್ರ. ಅಷ್ಟೇ ಸಂಸಾರ.

"ಟೇಬಲ್ ಎಲ್ಲದವಾ?"

"ಟೇಬಲ್ ಇಲ್ಲ ಅಜ್ಜಿ. ಮಧ್ಯೆ ಏನೂ ಇರಬಾರದು."

"ಡಾಕ್ಟರ್ ಖುರ್ಚಿ ಯಾವುದು?"

"ನಾನು ಡಾಕ್ಟರ್ ಅಲ್ಲ. ಎರಡೂ ಒಂದೇ ನೋಡಿ. ಒಂದೇ ಎತ್ತರ ಸಿಗೋ ತನಕ ನಾಲ್ಕು ಅಂಗಡಿ ಸುತ್ತಿದೀನಿ."

ಗಡಿಯಾರ ಎಲ್ಲಿ ತೂಗುಹಾಕಬೇಕು ಎಂಬುದೇ ಆಕೆಗೆ ದೊಡ್ಡ ಪ್ರಶ್ನೆಯಾಗಿತ್ತು. ಬಂದವರು ಮಾತಾಡುತ್ತಿರುವಾಗ ತಾನು ಹೊತ್ತು ನೋಡಿದ್ದು ಅವರಿಗೆ ಕಾಣಬಾರದು, ಆದರೆ ತನಗೆ ಹೊತ್ತು ತಿಳಿಯಬೇಕು. "ನೀವು ಇಲ್ಲಿ ಕೂತ್ಕೊಂಡು ಏನಾದ್ರೂ ಮಾತಾಡಿ ಅಜ್ಜಿ, ನಿಮ್ಮ ತಲೆ ಹಿಂದೆ ಜಾಗ ಗುರುತು ಮಾಡ್ತೀನಿ" ಅಂದಳು. ಸುತ್ತಿಗೆ ಇರಲಿಲ್ಲ, ನಮ್ಮ ಮನೆಯ ಖಾರ ಕುಟ್ಟುವ ಒನಕೆ ತಂದುಕೊಟ್ಟೆ. ನಾನು ಕೂತು ಮೊಣಕಾಲು ನೋವಿನಿಂದ ಶುರುಮಾಡಿದೆ. ಮೊಣಕಾಲಿನಿಂದ ನಾದಿನಿಗೆ ಬಂದೆ. ನಾದಿನಿಯಿಂದ ನನ್ನ ಮದುವೆಗೆ ಹೋದೆ. ಆಕೆ ಒನಕೆ ಹಿಡಿದುಕೊಂಡು ನಿಂತೇ ಇದ್ದಳು. ನಡುನಡುವೆ "ಹೂಂ, ಆಮೇಲೆ?" ಅನ್ನುವುದು, ಕನ್ನಡಕದ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚುವುದು, ಅಷ್ಟೇ. ನಾನು ಎದ್ದಾಗ ಮುಕ್ಕಾಲು ಗಂಟೆ ಆಗಿತ್ತು, ಮೊಳೆ ಇನ್ನೂ ಹೊಡೆದಿರಲಿಲ್ಲ. ನಾದಿನಿಯ ಆ ಮಾತನ್ನು ನಾನು ನನ್ನ ಯಜಮಾನರಿಗೂ ಹೇಳಿದವಳಲ್ಲ.

ಅಡುಗೆ ಕಟ್ಟೆಯ ಕಪಾಟಿನೊಳಗೆ ಒಂದು ಮೊಳೆಗೆ ನೀಲಿ ಪಟ್ಟಿ ನೇತುಹಾಕಿದ್ದಳು. ಕಂಪನಿಯವರು ಕೊರಳಿಗೆ ಹಾಕಿಕೊಳ್ಳುತ್ತಾರಲ್ಲ, ಅದು. ಖರಾಡಿಯ ಒಂದು ಕಂಪನಿಯಲ್ಲಿ ಹತ್ತು ವರ್ಷ ಕೆಲಸ ಮಾಡುತ್ತಾ, ಶನಿವಾರ ಭಾನುವಾರ ಕೂತು ಈ ವಿದ್ಯೆ ಕಲಿತವಳು.

"ಇದನ್ನ ಯಾಕ ಇಟ್ಟೀಯವಾ ಇಲ್ಲಿ?"

"ಹೆದರಿಕೆಗೆ, ಅಜ್ಜಿ. ಈ ಮನೆಗೆ ಹನ್ನೊಂದು ತಿಂಗಳ ಅಗ್ರಿಮೆಂಟು. ಅಷ್ಟರಲ್ಲಿ ಇದು ನಡೀಲಿಲ್ಲ ಅಂದ್ರೆ ಆ ಪಟ್ಟಿ ಹಾಕ್ಕೊಂಡು ವಾಪಸ್ ಹೋಗ್ಬೇಕು. ಬಾಸ್ ಒಂದು ವರ್ಷ ಕಾಯ್ತೀನಿ ಅಂದಿದಾರೆ."

ಹೇಳುವಾಗ ಆಕೆಯ ಕಣ್ಣು ಹೊಳೆಯುತ್ತಿತ್ತು. ಹೆದರಿಕೆ ಅಂದಳೇ ಹೊರತು, ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಹೊಸ ಪರದೆ ಎಳೆದು ನೋಡುವಳು, ಆ ಕುರ್ಚಿಯಲ್ಲಿ ಕೂತು ಈ ಕುರ್ಚಿ ನೋಡುವಳು, ಈ ಕುರ್ಚಿಯಲ್ಲಿ ಕೂತು ಆ ಕುರ್ಚಿ ನೋಡುವಳು. ನನಗೂ ಆ ಹುರುಪು ಹತ್ತಿತು. ನನ್ನ ಎದುರು ಮನೆಯಲ್ಲಿ ಏನೋ ಶುರುವಾಗುತ್ತಿದೆ, ನೋಡಲು ನನಗೆ ಮೊದಲ ಸಾಲಿನ ಮಣೆ ಇದೆ.

ಮೊದಲ ಮೂರು ವಾರ ಯಾರೂ ಬರಲಿಲ್ಲ. ಆದರೂ ಆಕೆ ದಿನಾ ಮೂರಕ್ಕೆ ಬಂದು, ತಲೆ ಬಾಚಿಕೊಂಡು, ಕುರ್ಚಿಯಲ್ಲಿ ಕೂರುತ್ತಿದ್ದಳು. ಮೊದಲು ಗಂಟೆ ಬಾರಿಸಿದವನು ವಿದ್ಯುತ್ ಮೀಟರ್ ನೋಡುವವನು. ಎರಡನೆಯವರು ಹಪ್ಪಳ ಮಾರುವ ಹೆಂಗಸು. ಮೂರನೆಯದಾಗಿ ನಿಜವಾಗಿಯೂ ಒಬ್ಬರು ಬಂದರು. ಪಿಂಪ್ರಿ ಕಡೆಯ ಕಾರ್ಖಾನೆಯ ಅಂಗಿ ತೊಟ್ಟಿದ್ದ ಗಂಡಸು. ಐವತ್ತು ನಿಮಿಷ ಒಳಗಿದ್ದು ಹೋದರು. ಆಕೆ ನಮ್ಮ ಮನೆಗೆ ಬಂದು ಅಡುಗೆಮನೆಯಲ್ಲಿ ನಿಂತುಕೊಂಡೇ ಬಿಸಿ ರೊಟ್ಟಿ ತಿಂದಳು. ಮೂರು ರೊಟ್ಟಿ.

"ಏನಾತವಾ? ಏನಂದ್ರು? ಹೇಣ್ತಿ ಕೂಡ ಜಗಳೇನು?"

"ಗೊತ್ತಿಲ್ಲ ಅಜ್ಜಿ. ಚಟ್ನಿ ಇನ್ನೊಂಚೂರು ಹಾಕಿ."

ಇದು ಆಕೆಯ ಮಾತು. ಗೊತ್ತಿಲ್ಲ. ಯಾರ ಬಗ್ಗೆ ಏನು ಕೇಳಿದರೂ ಅದೇ. ಐವತ್ತು ನಿಮಿಷ ಎದುರು ಕೂತು ಮಾತಾಡಿಸಿದವಳಿಗೆ ಗೊತ್ತಿಲ್ಲ ಅಂದರೆ ಯಾರು ನಂಬುತ್ತಾರೆ? ನನಗೆ ಆ ಶಬ್ದವೇ ಮೈ ಉರಿಸುತ್ತಿತ್ತು. ನಾನು ಹುಟ್ಟಿದ ಮೇಲೆ ಆ ಶಬ್ದವನ್ನು ಹತ್ತು ಸಲ ಆಡಿದ್ದರೆ ಹೆಚ್ಚು.

ಇನ್ನೊಂದು ದಿನ ಮಧ್ಯಾಹ್ನ ಎದುರು ಬಾಗಿಲ ಕಡೆಯಿಂದ ಸೊರ್ ಅನ್ನುವ ಶಬ್ದ. ನಲ್ಲಿ ಬಿಟ್ಟು ಮರೆತಿದ್ದಾಳೆ ಎಂದುಕೊಂಡೆ. ಬಾಗಿಲು ಬಡಿದೆ, ತೆರೆಯಲಿಲ್ಲ. ನೀರಿನ ಕಷ್ಟ ಗೊತ್ತಿದ್ದವಳು ನಾನು, ಸುಮ್ಮನಿರಲಾಗಲಿಲ್ಲ. ಮೆಟ್ಟಿಲ ಕೆಳಗೆ ಹೋಗಿ ಕಟ್ಟಡದ ದೊಡ್ಡ ವಾಲ್ವನ್ನೇ ತಿರುಗಿಸಿ ಬಂದೆ. ಶಬ್ದ ನಿಲ್ಲಲಿಲ್ಲ. ಮೂರನೆಯ ಮಹಡಿಯಿಂದ ನಮ್ಮ ಸೊಸೈಟಿಯ ಚೇರ್‌ಮನ್ನರು ಟವೆಲ್ ಸುತ್ತಿಕೊಂಡು, ಕಿವಿಯ ತನಕ ಸಾಬೂನಿನೊಡನೆ ಇಳಿದು ಬಂದರು. ಆಮೇಲೆ ತಿಳಿಯಿತು, ಅದು ನಲ್ಲಿ ಅಲ್ಲ, ಒಂದು ಯಂತ್ರ. ಬಾಗಿಲ ಬುಡದಲ್ಲಿ ಇಟ್ಟರೆ ಸೊರ್ ಅನ್ನುತ್ತಲೇ ಇರುತ್ತದೆ. ಆಕೆ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ಒಳಗಿನ ಮಾತು ಹೊರಗೆ ಕೇಳಬಾರದು ಅಂತ ಇಟ್ಟಿದೀನಿ ಅಜ್ಜಿ."

"ಹೊರಗ ಯಾರದಾರವಾ ಕೇಳಾಕ?"

ಆಕೆ ನನ್ನ ಮುಖವನ್ನೇ ನೋಡಿದಳು.

ಆ ಟವೆಲ್ ಚೇರ್‌ಮನ್ನರ ಹೆಂಡತಿ ನನ್ನ ಭಜನೆಯ ಗೆಳತಿ. ಬೀದರ ಕಡೆಯವಳು, ತಾಳ ಹಾಕುವುದರಲ್ಲಿ ಅವಳನ್ನು ಮೀರಿಸುವವರಿಲ್ಲ, ಮನೆಯಲ್ಲೂ ಎಲ್ಲರೂ ಅವಳ ತಾಳಕ್ಕೇ ನಡೆಯಬೇಕು. ಅವಳನ್ನು ಇಲ್ಲಿ ತಾಳದಕ್ಕ ಅನ್ನೋಣ. ತಾಳದಕ್ಕನಿಗೆ ಒಬ್ಬ ಸೊಸೆ. ತನ್ನ ಅಣ್ಣನ ಊರಿನ ಕಡೆಯಿಂದಲೇ ತಂದದ್ದು. ಮದುವೆಯಾಗಿ ಮೂರು ವರ್ಷ, ದನಿ ಯಾರಿಗೂ ಕೇಳಿದ್ದಿಲ್ಲ.

ಆ ಸೊಸೆ ಒಂದು ಮಂಗಳವಾರ ಕರಿಬೇವು ಕೇಳುವ ನೆಪದಲ್ಲಿ ನನ್ನ ಜಾಳಿಗೆಯ ಮುಂದೆ ನಿಂತಳು. ಕಣ್ಣು ಹಳದಿ ಬಾಗಿಲ ಮೇಲೆ.

"ಅಜ್ಜಿ, ಅಲ್ಲಿ ಕನ್ನಡಾ ಮಾತಾಡ್ತಾರೇನ್ರಿ?"

"ಮಾತಾಡ್ತಾರ. ನಮ್ಮಂಗಲ್ಲ, ಆ ಕಡೀದು. ಆದ್ರ ತಿಳೀತದ."

ಅವಳು ಕರಿಬೇವಿನ ಎಸಳು ತಿರುವುತ್ತಾ ನಿಂತಳು. "ಮರಾಠಿ ಒಳಗ ಕಾಯಿಪಲ್ಲೆ ತರಾಕ ಬರ್ತದ್ರಿ ನನಗ. ಅಳಾಕ ಬರಂಗಿಲ್ಲ."

ಕರಿಬೇವು ನನ್ನ ಕೈಗೇ ವಾಪಸು ಕೊಟ್ಟು ಆರು ಹೆಜ್ಜೆ ದಾಟಿ ಗಂಟೆ ಬಾರಿಸಿದಳು. ಅಂದಿನಿಂದ ಮಂಗಳವಾರ ನಾಲ್ಕು ಗಂಟೆ ಅವಳದಾಯಿತು. ಮನೆಯಲ್ಲಿ ಹೊಲಿಗೆ ಕ್ಲಾಸು ಎಂದು ಹೇಳಿ ಬರುತ್ತಿದ್ದಳು. ಹಿಂದಿನ ದಾರಿಯಿಂದ ಹೊರಗೆ ಹೋಗಿ, ಒಂದು ಸುತ್ತು ಹಾಕಿ, ಗೇಟಿನಿಂದ ಬರುವಳು. ಅದೂ ನನಗೆ ಕಾಣುತ್ತಿತ್ತು.

ಸಂಕ್ರಾಂತಿಯ ಹೊತ್ತಿಗೆ ಆ ಓಣಿಯಲ್ಲಿ ವಾರಕ್ಕೆ ಎಂಟು ಒಂಬತ್ತು ಜನರ ಚಪ್ಪಲಿ ಬೀಳುತ್ತಿದ್ದವು. ನಾನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ, ನಮ್ಮ ಎದುರು ಮನೆಯಾಕೆ ಗೆದ್ದಳು ಎಂದು.

ಆಗ ನಾನು ಎಡವಿದೆ.

ಸಂಕ್ರಾಂತಿಗೆ ನಮ್ಮ ಮನೆಯಲ್ಲಿ ಅರಿಷಿಣ ಕುಂಕುಮ. ಇಡೀ ಸೊಸೈಟಿಯ ಹೆಂಗಸರು ಕುಸುರೆಳ್ಳು ತಿನ್ನುತ್ತಾ ಕೂತಿದ್ದರು. ಎದುರು ಮನೆಯಾಕೆ ಬರುವುದಿಲ್ಲ ಅಂದಿದ್ದಳು, ನಾನೇ ಕೈ ಹಿಡಿದು ಎಳೆದು ತಂದೆ. ಆಮೇಲೆ ತಾಳದಕ್ಕ ಸೊಸೆಯನ್ನು ಕರೆದುಕೊಂಡು ಬಂದಳು. ನೋಡುತ್ತೇನೆ, ಎದುರು ಮನೆಯಾಕೆಯ ಕಣ್ಣು ಆ ಹುಡುಗಿಯ ಮೇಲೆ ಗೋಡೆಯ ಮೇಲೆ ಸರಿದ ಹಾಗೆ ಸರಿದು ಮುಂದೆ ಹೋಯಿತು. ನಗಲಿಲ್ಲ, ಬಾ ಅನ್ನಲಿಲ್ಲ, ಎದ್ದು ಮೂಲೆಗೆ ಹೋಗಿ ಕೂತಳು. ಹುಡುಗಿಯೂ ತಲೆ ತಗ್ಗಿಸಿದಳು. ನಮ್ಮಲ್ಲಿ ಅರಿಷಿಣ ಕುಂಕುಮಕ್ಕೆ ಬಂದ ಹೆಣ್ಣುಮಗಳನ್ನು ಗುರುತಿದ್ದವರು ಮಾತಾಡಿಸದಿದ್ದರೆ ಅದಕ್ಕಿಂತ ಅವಮಾನ ಇಲ್ಲ. ನನಗೆ ಸಿಟ್ಟು ಬಂತು. ಖರಾಡಿಯ ಸೊಕ್ಕು ಇನ್ನೂ ಇಳಿದಿಲ್ಲ ಎಂದುಕೊಂಡೆ. ಕುಂಕುಮದ ಬಟ್ಟಲು ಕೈಯಲ್ಲಿ ಹಿಡಿದು, ತುಂಬಿದ ಮನೆಯಲ್ಲಿ ಅಂದೇಬಿಟ್ಟೆ.

"ಏನವಾ ನಿಂದು? ಮಂಗಳವಾರಕ್ಕೊಮ್ಮಿ ನಾಕು ಗಂಟೇಕ ನಿನ್ನ ಕಡೆ ಬಂದು ಕೂಡೂ ಹುಡುಗಿ. ಇಲ್ಲಿ ಗುರುತ ಹಿಡಿಯಂಗಿಲ್ಲಲ್ಲ."

ಕುಸುರೆಳ್ಳು ಕಡಿಯುವ ಸದ್ದು ನಿಂತಿತು. ತಾಳದಕ್ಕ ಸೊಸೆಯ ಕಡೆ ತಿರುಗಿದಳು.

"ಮಂಗಳವಾರ? ಮಂಗಳವಾರ ನೀ ಹೊಲಿಗಿ ಕ್ಲಾಸಿಗಿ ಹೋಗ್ತಿದ್ದೆಲ್ಲ?"

ಹುಡುಗಿ ನಾನೇ ಕೊಟ್ಟ ಸ್ಟೀಲ್ ಬಟ್ಟಲನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಎದುರು ಮನೆಯಾಕೆ ಎದ್ದು ನನ್ನ ಮುಂದೆ ಬಂದು ಹಣೆ ಒಡ್ಡಿದಳು. "ಕುಂಕುಮ ಕೊಡಿ ಅಜ್ಜಿ. ಹೊರಡ್ತೀನಿ." ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ನನ್ನ ಬೆರಳು ಆಕೆಯ ಹಣೆಗೆ ಮುಟ್ಟಿದಾಗಲೇ ನಾನು ಏನು ಮಾಡಿದೆ ಎಂದು ನನಗೆ ತಿಳಿದದ್ದು.

ಮರುದಿನ ಹೋಗಿ ಆಕೆಯ ಎದುರು ಕುರ್ಚಿಯಲ್ಲಿ ಕೂತೆ. ಬಯ್ಯಲಿ ಎಂದು ಕಾದೆ. ಆಕೆ ಕನ್ನಡಕದ ದಾರ ಸುತ್ತುತ್ತಾ ಇದ್ದಳು.

"ಅವರು ನನಗೆ ಗೊತ್ತು ಅಂತ ಅವರೇ ಹೇಳಬೇಕು, ಅಜ್ಜಿ. ನಾನು ಹೇಳೋ ಹಾಗಿಲ್ಲ. ಹೊರಗೆ ಸಿಕ್ಕಾಗ ಅವರು ನಕ್ಕರೆ ನಾನೂ ನಗ್ತೀನಿ. ನಗಲಿಲ್ಲ ಅಂದ್ರೆ ನಾನು ಗೋಡೆ."

"ನನಗ ಅದು ಸೊಕ್ಕು ಅನಸ್ತವಾ."

"ಅನ್ಸುತ್ತೆ. ತಪ್ಪು ನಂದೂ ಇದೆ. ನಾನು ನಿಮ್ಮನೆಗೆ ಬರಬಾರದಿತ್ತು."

"ಆ ಹುಡುಗಿ ಇನ್ನ ಬರ್ತಾಳಿಲ್ಲೊ?"

"ಗೊತ್ತಿಲ್ಲ ಅಜ್ಜಿ."

ಈ ಸಲ ಆಕೆಗೆ ನಿಜವಾಗಿಯೂ ಗೊತ್ತಿರಲಿಲ್ಲ. ಆ ಮಂಗಳವಾರ ಹುಡುಗಿ ಬರಲಿಲ್ಲ. ಮುಂದಿನ ಮಂಗಳವಾರವೂ ಇಲ್ಲ. ಗುರುವಾರದವರು ಬರುವುದು ಬಿಟ್ಟರು, ಶನಿವಾರದ ಗಂಡ ಹೆಂಡತಿಯೂ ಬಿಟ್ಟರು. ಎದುರು ಮನೆಯ ಕಾಕುವಿನ ಕಣ್ಣು ತಪ್ಪಿಸಿ ಅಲ್ಲಿಗೆ ಹೋಗಲಾಗುವುದಿಲ್ಲ ಎಂಬ ಮಾತು ಗೇಟಿನಾಚೆ ತನಕ ಹೋಗಿತ್ತು. ಹೋಳಿಹುಣ್ಣಿಮೆಯ ಹೊತ್ತಿಗೆ ಓಣಿಯಲ್ಲಿ ವಾರಕ್ಕೆ ಎರಡು ಜೊತೆ ಚಪ್ಪಲಿ. ಒಂದು ದಿನ ನೋಡಿದರೆ ನೀಲಿ ಪಟ್ಟಿ ಕಪಾಟಿನಿಂದ ಹೊರಬಂದು ಸ್ಟೂಲಿನ ಮೇಲೆ ಕೂತಿದೆ.

ಒಂದನ್ನು ಮಾತ್ರ ಆಕೆ ಬಿಡಲಿಲ್ಲ. ಮಂಗಳವಾರ ನಾಲ್ಕಕ್ಕೆ ಸೊರ್ ಯಂತ್ರ ಹಚ್ಚಿ, ಕರವಸ್ತ್ರದ ಡಬ್ಬಿ ಸರಿಮಾಡಿ, ತನ್ನ ಕುರ್ಚಿಯಲ್ಲಿ ಕೂರುತ್ತಿದ್ದಳು. ಎದುರಿನ ಕುರ್ಚಿ ಖಾಲಿ. ನಾಲ್ಕು ಐವತ್ತಕ್ಕೆ ಏಳುವಳು.

"ಬರದೇ ಇದ್ದಾಕಿಗಿ ಯಾಕ ಕಾಯ್ತಿ ಅವ್ವಾ? ಆ ಹೊತ್ತು ಬ್ಯಾರೇದವರಿಗಿ ಕೊಡು."

"ಬಂದ್ರೆ ಅಜ್ಜಿ? ಆ ಐವತ್ತು ನಿಮಿಷ ಅವರದು."

ನಾನು ಮನೆಗೆ ಬಂದು ಮಣೆಯ ಮೇಲೆ ಕೂತೆ. ಮೆಂತ್ಯದ ಕಟ್ಟು ಬಿಚ್ಚಲಿಲ್ಲ. ನನ್ನ ಬಾಗಿಲು ಹಾ ಎಂದು ಬಾಯಿ ತೆರೆದುಕೊಂಡಿತ್ತು, ಎದುರು ಆಕೆಯ ಬಾಗಿಲು ತುಟಿ ಕಚ್ಚಿಕೊಂಡಿತ್ತು. ಎದ್ದು ಮರದ ಬಾಗಿಲು ಮುಚ್ಚಿದೆ. ಆಮೇಲೆ ನೆನಪಾಯಿತು, ಬಾಗಿಲಲ್ಲಿ ಒಂದು ಗಾಜಿನ ಕಣ್ಣು ಇದೆ, ಅದರಿಂದ ಓಣಿ ಇನ್ನೂ ಚೆನ್ನಾಗಿ ಕಾಣುತ್ತದೆ. ನನ್ನ ಬಗ್ಗೆ ನನಗೆ ನಂಬಿಕೆ ಕಡಿಮೆ. ಹಣೆಯ ಟಿಕಲಿ ಕಿತ್ತು, ಅದನ್ನು ಆ ಗಾಜಿನ ಕಣ್ಣಿಗೆ ಅಂಟಿಸಿದೆ. ಒಳಗಿನಿಂದ ಅಲ್ಲ, ಹೊರಗಿನಿಂದ. ಒಳಗಿನಿಂದ ಅಂಟಿಸಿದರೆ ನನಗಷ್ಟೇ ಗೊತ್ತು. ಹೊರಗಿದ್ದರೆ, ಹಳದಿ ಬಾಗಿಲು ತೆರೆಯಲಿ ಎಂದು ಕಾಯುತ್ತಾ ನಿಂತವರು ಹಿಂತಿರುಗಿ ನೋಡಿದಾಗ, ಈ ಮನೆಯ ಕಣ್ಣು ಮುಚ್ಚಿದೆ ಎಂದು ಅವರಿಗೂ ತಿಳಿಯುತ್ತದೆ. ಸಣ್ಣ ಕೆಂಪು ಚುಕ್ಕೆ. ಅಷ್ಟು ಹತ್ತಿರ ನಿಂತವರಿಗಲ್ಲದೆ ಯಾರಿಗೂ ಕಾಣದು.

ಅಂದಿನಿಂದ ದಿನಾ ಮಧ್ಯಾಹ್ನ ಮೂರರಿಂದ ಏಳರ ತನಕ ನಮ್ಮ ಬಾಗಿಲು ಬಂದ್. ಮೊದಲ ದಿನ ಒಂದು ತಾಸು ಕಳೆಯುವುದರೊಳಗೆ ವಾಚ್‌ಮನ್ ನನ್ನ ಮಗನಿಗೆ ಫೋನ್ ಮಾಡಿದ, ಕಾಕು ಆರಾಮ ಇದ್ದಾರಾ ಎಂದು. ಇಬ್ಬರು ಹೆಂಗಸರು ಹಣ್ಣು ಹಿಡಿದುಕೊಂಡು ನೋಡಲು ಬಂದರು. ಯಜಮಾನರು ಪೇಪರಿನಿಂದ ತಲೆ ಎತ್ತಿ, "ಮೂವತ್ತು ವರ್ಷದಾಗ ಇವತ್ತ ಫ್ಯಾನಿನ ಗಾಳಿ ಮನಿಯೊಳಗ ಉಳದದ ನೋಡು" ಅಂದರು. ನಾನು ಮಣೆ ಎತ್ತಿಕೊಂಡು ಹಿಂದಿನ ಬಾಲ್ಕನಿಗೆ ಹೋದೆ. ಅಲ್ಲಿಂದ ಕಾಣುವುದು ಒಂದು ಗೋಡೆ, ಒಂದು ಪಾರಿವಾಳ. ಮೊದಲ ತಿಂಗಳು ಜೀವ ಹೋದ ಹಾಗಾಗುತ್ತಿತ್ತು. ಓಣಿಯಲ್ಲಿ ಚಪ್ಪಲಿ ಸದ್ದಾದರೆ ನನ್ನ ಮೊಣಕಾಲು ತಾನಾಗಿ ಏಳುತ್ತಿತ್ತು.

ಆಕೆ ಟಿಕಲಿಯನ್ನು ಮೂರನೆಯ ದಿನ ನೋಡಿದಳು. ಜಾಳಿಗೆಯ ಸಂದಿನಲ್ಲಿ ಬೆರಳು ತೂರಿಸಿ ಮುಟ್ಟಿ ನೋಡಿದಳಂತೆ, ವಾಚ್‌ಮನ್ ಹೇಳಿದ. ಆ ಸಂಜೆ ನಮ್ಮ ಮನೆಗೆ ಬಂದು ರೊಟ್ಟಿ ಬಡಿಯಲು ಕಲಿಸಿ ಅಂದಳು. ಆಕೆ ಬಡಿದ ರೊಟ್ಟಿ ಮಹಾರಾಷ್ಟ್ರದ ನಕಾಶೆಯ ಹಾಗಿತ್ತು.

ಯಾರು ಬರುತ್ತಾರೆ ಎಂದು ನನಗೆ ಗೊತ್ತಾಗುವುದು ನಿಂತಿತು. ಆದರೆ ಎಷ್ಟು ಜನ ಬರುತ್ತಾರೆ ಎಂದು ತಿಳಿಯಲು ಒಂದು ಕಿಂಡಿ ಉಳಿದಿತ್ತು. ಏಳು ಗಂಟೆಗೆ ಬಂದಾಗ ಆಕೆ ತಿನ್ನುವ ರೊಟ್ಟಿ. ಆ ಮೊದಲ ದಿನದ ಮೂರು ಬಿಟ್ಟರೆ, ಖಾಲಿ ಕೂತ ದಿನ ಅರ್ಧ, ಒಬ್ಬರು ಬಂದ ದಿನ ಒಂದು. ಇದನ್ನು ಲೆಕ್ಕ ಹಾಕುವುದು ಗುಟ್ಟು ಒಡೆದ ಹಾಗಲ್ಲ ಎಂದು ನಾನೇ ತೀರ್ಪು ಕೊಟ್ಟುಕೊಂಡೆ. ಯುಗಾದಿ ತನಕ ಹೆಚ್ಚಿನ ದಿನ ಅರ್ಧವೇ. ಕಾರಹುಣ್ಣಿಮೆಗೆ ಎರಡಕ್ಕೆ ಬಂತು. ಶ್ರಾವಣದ ಒಂದು ಸಂಜೆ ಆಕೆ ನಾಲ್ಕು ರೊಟ್ಟಿ ತಿಂದು ಐದನೆಯದಕ್ಕೆ ಕೈ ಚಾಚಿದಾಗ ನಾನು ತವೆಯ ಮುಂದೆ ಕುಣಿಯುವುದೊಂದು ಬಾಕಿ. ನನ್ನ ಸೊಸೆ ಕೇಳಿದಳು, "ಅತ್ತಿ, ಯಾಕ ನಗಲಿಕತ್ತೀರಿ?" ಗೊತ್ತಿಲ್ಲ ಅಂದೆ.

ಭಾದ್ರಪದ ಬಂತು. ಗಣಪತಿ ಕಳಿಸಿದ ಮರುದಿನ ಹನ್ನೊಂದು ತಿಂಗಳು ಮುಗಿಯುತ್ತದೆ. ಮನೆ ಮಾಲೀಕರು ಮತ್ತೆ ಕರಾರು ಮಾಡಿಕೊಡಲು ತಯಾರಿದ್ದರು, ಆದರೆ ಸೊಸೈಟಿಯ ಒಪ್ಪಿಗೆ ಕಾಗದ ಬೇಕು ಅಂದರು. ಕಾಗದಕ್ಕೆ ಸಹಿ ಹಾಕಬೇಕಾದವರು ಟವೆಲ್ ಚೇರ್‌ಮನ್ನರು. ಚೇರ್‌ಮನ್ನರ ಸಹಿ ಇರುವುದು ತಾಳದಕ್ಕನ ಕೈಯಲ್ಲಿ. ತಾಳದಕ್ಕ ಭಜನೆಯಲ್ಲಿ ಹೇಳಿಯಾಗಿತ್ತು, "ಮಂದಿ ಸೊಸ್ತ್ಯಾರಿಗಿ ಒಳಗ ಕುಂದರಿಸಿ ಏನ ಕಲಸ್ತಾಳೋ ಯಾರಿಗಿ ಗೊತ್ತ. ನಮ್ಮಾಕಿ ಮತ್ತ ಅಲ್ಲಿ ಕಾಲಿಟ್ಟಾಳಂತ ತಿಳೀತಂದ್ರ ಆ ಬಾಗಲಾ ನಾನೇ ಮುಚ್ಚಸ್ತೀನಿ."

ಅಂಥವಳು ಗೌರಿಯ ಅರಿಷಿಣ ಕುಂಕುಮಕ್ಕೆ ಎದುರು ಮನೆಯಾಕೆಯನ್ನು ಖುದ್ದಾಗಿ ಬಂದು ಕರೆದಳು.

"ಹೋಗಬ್ಯಾಡವಾ" ಅಂದೆ ನಾನು. "ನೋಡಾಕ ಕರದಾಳ."

"ಹೋಗದೇ ಇದ್ರೆ ಅದೇ ಉತ್ತರ ಆಗುತ್ತೆ ಅಜ್ಜಿ. ನಾನು ಅಲ್ಲಿ ಎಷ್ಟು ಗೋಡೆಯೋ ಅಷ್ಟೇ ಗೋಡೆ." ದಾರ ಸುತ್ತುತ್ತಿದ್ದ ಬೆರಳು ಮಾತ್ರ ಬೆಳ್ಳಗಾಗಿತ್ತು. ಪಟ್ಟಿ ಸ್ಟೂಲಿನ ಮೇಲೇ ಇತ್ತು.

ತಾಳದಕ್ಕನ ಮನೆಯಲ್ಲಿ ಗೌರಿ ಬಹಳ ಚಂದ ಕೂತಿದ್ದಳು. ಹಸಿರು ಸೀರೆ, ಮುಂದೆ ಕರ್ಜಿಕಾಯಿ, ಚಕ್ಕುಲಿ. ಹೆಂಗಸರು ಗೋಡೆಯ ಗುಂಟ. ತಾಳದಕ್ಕ ಕುಂಕುಮದ ಬಟ್ಟಲು ಸೊಸೆಯ ಕೈಗೆ ಕೊಟ್ಟು, "ಹೋಗು, ಆ ಮ್ಯಾಡಮ್ಮರಿಗಿ ಹಚ್ಚು" ಅಂದಳು. ಕೈ ಸೊಂಟಕ್ಕಿಟ್ಟು ನಿಂತು ನೋಡಿದಳು. ಹುಡುಗಿ ಹೋಗಿ ಬಗ್ಗಿ ಹಚ್ಚಿದಳು. ಆಕೆ ಹಚ್ಚಿಸಿಕೊಂಡಳು. ಬಸ್ಸಿನಲ್ಲಿ ಪಕ್ಕ ಕೂತ ಇಬ್ಬರು ಇದಕ್ಕಿಂತ ಹೆಚ್ಚು ಗುರುತಿನವರ ಹಾಗೆ ಕಾಣುತ್ತಾರೆ. ತಾಳದಕ್ಕನಿಗೆ ಏನೂ ಸಿಗಲಿಲ್ಲ. ಅವಳು ನನ್ನ ಕಡೆ ತಿರುಗಿದಳು. ವೈನಿ, ಅಂದರೆ ಅತ್ತಿಗೆ, ಎಂದೇ ನಾವಿಬ್ಬರೂ ಕರೆದುಕೊಳ್ಳುವುದು.

"ವೈನಿ, ನೀವು ಎದರ ಬಾಗಲದವರು. ಗೌರಿ ಮುಂದ ಕೂತೀರಿ, ಖರೇ ಹೇಳ್ರಿ. ನಮ್ಮಾಕಿ ಈ ಎಂಟು ತಿಂಗಳದಾಗ ಮತ್ತ ಅಲ್ಲಿ ಹೋಗ್ಯಾಳೇನು?"

ಎಲ್ಲರೂ ನನ್ನನ್ನು ನೋಡಿದರು. ಎದುರು ಮನೆಯಾಕೆಯೊಬ್ಬಳು ನೋಡಲಿಲ್ಲ, ಚಕ್ಕುಲಿ ಮುರಿಯುತ್ತಿದ್ದಳು. ನನಗೆ ಭಯವಾಗಬೇಕಿತ್ತು. ಬದಲಿಗೆ ಹಬ್ಬದ ಹುರುಪು ಹತ್ತಿತು. ಯಾಕೆಂದರೆ ನನ್ನ ಹತ್ತಿರ ಸುಳ್ಳು ಹೇಳುವ ಕೆಲಸವೇ ಇರಲಿಲ್ಲ.

"ಗೌರಿ ಆಣಿ ವೈನಿ. ನನಗ ಗೊತ್ತಿಲ್ಲ."

ಹಿಂದೆ ಯಾರೋ ಮರಾಠಿಯಾಕೆ, "ಕಾಕುನಾ ಮಾಹಿತ್ ನಾಹೀ?" ಎಂದು ನಕ್ಕಳು. ಕಾಕುವಿಗೇ ಗೊತ್ತಿಲ್ಲವಂತೆ. ಇನ್ನೂ ನಾಲ್ಕು ಜನ ನಕ್ಕರು. ತಾಳದಕ್ಕ ನನ್ನ ಮುಖವನ್ನು ಅಕ್ಕಿಯಲ್ಲಿ ಕಲ್ಲು ಹುಡುಕಿದ ಹಾಗೆ ಹುಡುಕಿದಳು. ಸಿಗಲಿಲ್ಲ. ನಿಧಾನವಾಗಿ ಸೊಂಟದಿಂದ ಕೈ ಇಳಿಸಿದಳು.

"ಹಂಗಾದ್ರ ಹೋಗಿಲ್ಲ ಬಿಡ್ರಿ. ಹೋಗಿದ್ರ ನಿಮಗ ತಿಳೀದೇ ಇರ್ತದೇನು?"

ಒಳಕೋಣೆಯಿಂದ ಚೇರ್‌ಮನ್ನರ ದನಿ ಬಂತು. "ಆ ಕಾಗದಕ ಸಹಿ ಮಾಡ್ಲೇನ?"

"ಮಾಡ್ರಿ. ಗಣಪತಿ ಹೋಗೂದ್ರೊಳಗ ಕೊಟ್ಟು ಮುಗಸ್ರಿ."

ಮೂವತ್ತು ವರ್ಷ ಮಣೆಯ ಮೇಲೆ ಕೂತು ಗಳಿಸಿದ ಹೆಸರು ಒಂದು ಮಾತಿಗೆ ಖರ್ಚಾಯಿತು. ಇದಕ್ಕಿಂತ ಒಳ್ಳೆಯ ಖರ್ಚು ನಾನು ಮಾಡಿಲ್ಲ.

ಹೊರಡುವಾಗ ತಾಳದಕ್ಕನ ಸೊಸೆ ನನ್ನ ಉಡಿ ತುಂಬಿದಳು. ಅಕ್ಕಿ, ತೆಂಗಿನಕಾಯಿ, ಅರಿಷಿಣ ಕೊಂಬು. ಆಮೇಲೆ ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದಳು. ಏಳುವಾಗ ನನ್ನ ಕಿವಿಗಷ್ಟೇ ಕೇಳುವ ಹಾಗೆ ಅಂದಳು.

"ಅಜ್ಜಿ, ನಿಮ್ಮ ಬಾಗಲದ ಕಣ್ಣಿಗಿ ಹಚ್ಚಿದ ಟಿಕಲಿ ಬಣ್ಣ ಹೋಗೇದ್ರಿ. ಹೊಸಾದು ಹಚ್ಚರಿ." ನನ್ನ ಸೆರಗಿನ ಅಕ್ಕಿಯೊಳಗೆ ಒಂದು ಟಿಕಲಿ ಪಾಕೀಟು ಇಳಿಸಿದಳು.

ಮೆಟ್ಟಿಲು ಹೇಗೆ ಇಳಿದೆನೋ. ಆ ಚುಕ್ಕೆ ಯಾರಿಗೆ ಕಾಣುತ್ತದೆ, ಯಾವ ಬಾಗಿಲ ಮುಂದೆ ಎಷ್ಟು ಸಲ ನಿಂತವರಿಗೆ ಅದರ ಬಣ್ಣ ಹೋದದ್ದು ಗೊತ್ತಾಗುತ್ತದೆ, ಎಲ್ಲ ಒಂದೇ ಸಲಕ್ಕೆ ತಿಳಿದುಹೋಯಿತು. ಗೊತ್ತಿಲ್ಲ ಎಂದು ಗೌರಿಯ ಮುಂದೆ ಆಣೆ ಮಾಡಿ ಐದು ನಿಮಿಷವಾಗಿರಲಿಲ್ಲ. ನನ್ನ ಹಿಂದೆ ಇಳಿಯುತ್ತಿದ್ದ ಆಕೆಯ ಕೈ ಹಿಡಿದು ಹೇಳಬೇಕು ಎಂದು ನಾಲಿಗೆ ಹಲ್ಲಿಗೆ ಬಂದು ಬಡಿಯುತ್ತಿತ್ತು. ಆಕೆ ನನ್ನನ್ನು ದಾಟಿಕೊಂಡು ಹೋಗಿ ತನ್ನ ಹಳದಿ ಬಾಗಿಲಿನ ಬೀಗ ತೆಗೆದಳು. ಬೀಗದ ಕೈಯನ್ನು ನೀಲಿ ಪಟ್ಟಿಗೆ ಕಟ್ಟಿತ್ತು. ಯಾವಾಗ ಕಟ್ಟಿದಳೋ. ಪಟ್ಟಿಯನ್ನು ಬೆರಳಿಗೆ ಸುತ್ತಿ ತಿರುಗಿಸುತ್ತಾ, "ಗೌರಿ ಚೆನ್ನಾಗಿದ್ಲು ಅಲ್ವಾ ಅಜ್ಜಿ?" ಅಂದಳು.

"ಭಾಳ ಚಂದ ಇದ್ದಳವಾ" ಅಂದೆ. ಇಬ್ಬರೂ ಅಷ್ಟಕ್ಕೇ ನಿಲ್ಲಿಸಿದೆವು.

ಆಮೇಲೆ ಇನ್ನೂ ಒಂದು ಹನ್ನೊಂದು ತಿಂಗಳು ಆಕೆ ಇಲ್ಲಿದ್ದಳು. ಆ ಪಾಕೀಟಿನ ಟಿಕಲಿ ಮುಗಿದು ಇನ್ನೊಂದು ತಂದೆ. ಕೊನೆಯದು ಈಗಲೂ ಬಾಗಿಲ ಮೇಲಿದೆ. ಎದುರು ಖಾಲಿ ಇದ್ದರೂ ಮೂರು ಗಂಟೆಗೆ ಬಾಗಿಲು ಮುಚ್ಚಿಕೊಂಡೇ ಇದನ್ನು ಬರೆದೆ.

ಬರೆದು ಮುಗಿಸಿ, ಮೊದಲು ಆಕೆಗೇ ಕಳಿಸಿದೆ. ವಾರ ಬದಲಿಸಿದ್ದೇನೆ, ಗಂಟೆ ಬದಲಿಸಿದ್ದೇನೆ, ಬೀದರ ಬೀದರವಲ್ಲ, ಟಿಕಲಿಯೂ ಟಿಕಲಿ ಅಲ್ಲದಿರಬಹುದು, ಸರಿ ಇದೆಯೋ ನೋಡು ಎಂದು ಕೆಳಗೆ ಬರೆದಿದ್ದೆ. ಉತ್ತರ ಬರಲು ಐವತ್ತು ನಿಮಿಷ ಆಯಿತು, ಒಳಗೆ ಯಾರೋ ಕೂತಿದ್ದಿರಬೇಕು.

"ಚೆನ್ನಾಗಿದೆ ಅಜ್ಜಿ. ಆದ್ರೆ ಇದರಲ್ಲಿ ಇರೋರು ಯಾರೂ ನನಗೆ ಗೊತ್ತಿಲ್ಲ."